ಕೇಳದೆ ಬರೆದದ್ದು

ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಹಣಮಂತ್ರಾಯನಿಗೆ ಇಳಿದುಬಿಡಬೇಕು ಅನ್ನಿಸುತ್ತಲೇ ಇತ್ತು. ಇಳಿಯಲಿಲ್ಲ. ಇಳಿಯಬೇಕು ಅನ್ನಿಸುವುದು, ಇಳಿಯದೆ ಕೂತಿರುವುದು, ಆಮೇಲೆ ತಾನು ಕೂತದ್ದು ಕರ್ತವ್ಯಕ್ಕಾಗಿ ಎಂದು ತನಗೆ ತಾನೇ ಹೇಳಿಕೊಳ್ಳುವುದು, ಇಷ್ಟರಲ್ಲೇ ಅವನ ಮೂವತ್ತಮೂರು ವರ್ಷದ ಮಾಸ್ತರಿಕೆ ಮುಗಿದು ನಿವೃತ್ತಿಯೂ ಒಂದು ವರ್ಷ ಹಳತಾಗಿತ್ತು. ತೊಡೆಯ ಮೇಲಿನ ಕೈಚೀಲದಲ್ಲಿ ಎಂಟು ಉರ್ದು ನೋಟುಬುಕ್ಕುಗಳಿದ್ದವು, ಒಂದೊಂದರಲ್ಲಿ ಒಂದೊಂದು ಅಧ್ಯಾಯ. ಅವುಗಳ ಮೇಲೆ ದಾರ ಸುತ್ತಿದ ಕನ್ನಡದ ಹಾಳೆಗಳ ಕಟ್ಟು, ಅವನದೇ ಕೈಬರಹ. ಎಂಟರಲ್ಲಿ ಏಳನ್ನು ಅವನು ಕನ್ನಡಕ್ಕೆ ತಂದಿದ್ದ, ಒಂದನ್ನು ಬಿಟ್ಟಿದ್ದ. ಕಟ್ಟಿನ ದಪ್ಪ ನೋಡಿ ಅದನ್ನು ಯಾರೂ ಕಂಡುಹಿಡಿಯುವಂತಿರಲಿಲ್ಲ. ಆದರೂ ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಹೆಂಡತಿ ದೇವಕಮ್ಮ ಅವನ ಮುಖ ನೋಡಿ, ಮಾಸ್ತರ ಮನೆಗೆ ಹೊರಟವರು ದವಾಖಾನೆಗೆ ಹೊರಟವರ ಹಾಗೆ ಯಾಕೆ ಮುಖ ಮಾಡಿಕೊಂಡಿದ್ದೀರಿ ಎಂದು ಕೇಳಿಯೇ ಬಿಟ್ಟಿದ್ದಳು. ಅವನು ಹಲ್ಲುನೋವು ಅಂದಿದ್ದ. ಸುಳ್ಳಿಗೆ ಸರಿಯಾಗಿ ಈಗ ಬಸ್ಸಿನಲ್ಲಿ ಒಂದು ದವಡೆ ನಿಜವಾಗಿಯೂ ನೋಯತೊಡಗಿತ್ತು.

ಮಾಸ್ತರು ಅಂದರೆ ಚಂದಾಹುಸೇನ್ ಮಾಸ್ತರು. ನಿಜಾಮನ ಕಾಲದಲ್ಲಿ ಕಕ್ಕೇರಾದ ಶಾಲೆಯಲ್ಲಿ ಹಣಮಂತ್ರಾಯನ ಕೈ ಹಿಡಿದು ಉರ್ದು ಅಕ್ಷರ ಅಲಿಫ್ ಬೇ ತಿದ್ದಿಸಿದವರು. ಈಗ ಎಪ್ಪತ್ತು ದಾಟಿ, ಎರಡು ಕಣ್ಣಿಗೂ ಪೊರೆ ಬಂದು, ತಮ್ಮೂರು ಸಗರದಲ್ಲಿ ಮಗಳು ಖಾಸಿಂಬಿಯ ಜೊತೆ ಇದ್ದರು. ನಲವತ್ತು ವರ್ಷದಲ್ಲಿ ಅವರು ಬರೆದದ್ದು ಒಂದೇ ಪುಸ್ತಕ. ಅದಕ್ಕೆ ಹೆಸರು ಕೂಡ ಇಟ್ಟಿರಲಿಲ್ಲ. ಯುರೋಪಿನಿಂದ ಹಡಗು ಹತ್ತಿ ಬಂದ ವತನಪರಸ್ತಿ, ಅಂದರೆ ನಾಡನ್ನೇ ದೇವರು ಮಾಡಿ ಅಡ್ಡಬೀಳುವ ರೋಗ, ಹ್ಯಾಗೆ ಹುಟ್ಟಿತು, ಹ್ಯಾಗೆ ಇಲ್ಲಿನವರ ಮೈಗೆ ಹತ್ತಿತು ಎಂಬುದು ಅದರ ವಿಷಯ. ಆರು ತಿಂಗಳ ಹಿಂದೆ ಹಣಮಂತ್ರಾಯನನ್ನು ಕರೆಸಿ ನೋಟುಬುಕ್ಕುಗಳನ್ನು ಅವನ ತೊಡೆಯ ಮೇಲಿಟ್ಟು, ಉರ್ದು ಓದುವವರು ಇದನ್ನು ಓದುವುದಿಲ್ಲ, ಓದಬೇಕಾದವರಿಗೆ ಉರ್ದು ಬರುವುದಿಲ್ಲ, ನಿನಗೆ ಎರಡೂ ಬರುತ್ತವೆ ಅಂದಿದ್ದರು. ಕಲಬುರಗಿಯ ಒಬ್ಬ ಪ್ರೆಸ್ಸಿನವನು ಅಚ್ಚು ಹಾಕಲು ಒಪ್ಪಿದ್ದ. ನಾಳೆಯೇ ಅವನ ಕೈಗೆ ಕಟ್ಟು ಸೇರಬೇಕು. ಅದಕ್ಕೆ ಮೊದಲು ಕನ್ನಡದಲ್ಲಿ ಎಲ್ಲವನ್ನೂ ಒಮ್ಮೆ ಕಿವಿಯಿಂದ ಕೇಳಬೇಕು ಎಂಬುದು ಮಾಸ್ತರ ಷರತ್ತು.

ಬಸ್ಸು ಕಾಲುವೆಯ ಪಕ್ಕಕ್ಕೆ ಬಂತು. ನೀರು ಬಂದು ಇನ್ನೂ ಐದಾರು ವರ್ಷ, ಆಗಲೇ ಜನ ಅದು ಯಾವಾಗಲೂ ಇಲ್ಲೇ ಇತ್ತು ಎಂಬಂತೆ ಎಮ್ಮೆ ಮೈ ತೊಳೆಯುತ್ತಿದ್ದರು. ಜೋಳ ನಿಲ್ಲುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ಆಂಧ್ರದಿಂದ ಬಂದು ಹೊಲ ಹಿಡಿದವರ ಗುಡಿಸಲುಗಳು ಕ್ಯಾಂಪು ಅನ್ನಿಸಿಕೊಂಡು, ಆ ಜನ ಕ್ಯಾಂಪಿನವರು ಅನ್ನಿಸಿಕೊಂಡು, ಅವರ ಮಕ್ಕಳು ಇಲ್ಲೇ ಬೆಳೆಯುತ್ತಿದ್ದರೂ ಕ್ಯಾಂಪಿನವರಾಗಿಯೇ ಶಾಲೆಗೆ ಬರುತ್ತಿದ್ದರು. ಹಣಮಂತ್ರಾಯನೇ ಹಾಜರಿ ಕೂಗುವಾಗ ಹೆಸರು ನೆನಪಾಗದೆ, ಏ ಕ್ಯಾಂಪ ಅಂದದ್ದಿದೆ. ಮಾಸ್ತರು ಎರಡನೆಯ ನೋಟುಬುಕ್ಕಿನಲ್ಲಿ ಬರೆದಿದ್ದರು: ಯುರೋಪಿನವರು ಗದ್ದುಗೆಯ ಮೇಲಿನ ದೇವರನ್ನು ಇಳಿಸಿದರು, ಆದರೆ ಗದ್ದುಗೆ ಖಾಲಿ ಇದ್ದರೆ ಅವರಿಗೆ ನಿದ್ದೆ ಬರಲಿಲ್ಲ, ಒಂದು ನಕಾಶೆಯನ್ನು ತಂದು ಕೂರಿಸಿದರು. ಮಣ್ಣಿನ ಮೇಲಿನ ಪ್ರೀತಿ ಬೇರೆ. ಸಗರದ ಎರೆಮಣ್ಣು ಅಂಗಾಲಿಗೆ ಹತ್ತಿದರೆ ನನಗೂ ಸುಖ. ಪ್ರೀತಿಸುವವನಿಗೆ ಎಣಿಸುವ ಕೆಲಸವಿಲ್ಲ. ನಕಾಶೆಗೆ ಅಡ್ಡಬೀಳುವವನಿಗೆ ಎಣಿಸದಿದ್ದರೆ ಊಟ ಸೇರುವುದಿಲ್ಲ. ನಮ್ಮವರೆಷ್ಟು, ಅವರೆಷ್ಟು. ಎಣಿಸಿದ ದಿನವೇ ನೆರೆಮನೆಯವನು ನೆರೆಮನೆಯವನಾಗಿ ಉಳಿಯುವುದಿಲ್ಲ, ಅಲ್ಪಸಂಖ್ಯಾತನಾಗುತ್ತಾನೆ. ಇದನ್ನು ಕನ್ನಡಿಸುವಾಗ ಹಣಮಂತ್ರಾಯನಿಗೆ ಬಹಳ ಉಮೇದು ಬಂದಿತ್ತು. ತಾನೇ ಇದನ್ನೆಲ್ಲ ಯೋಚಿಸಿದವನ ಹಾಗೆ ಎದೆ ಉಬ್ಬಿಸಿ ಹೆಂಡತಿಗೆ ಓದಿ ಹೇಳಿದ್ದ. ಅವಳು ಅರ್ಧ ಕೇಳಿ ಹಾಲು ಉಕ್ಕುತ್ತದೆಂದು ಎದ್ದು ಹೋಗಿದ್ದಳು. ಮೂರನೆಯದರಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರನ್ನೂ, ನಿಜಾಮ ಇಳಿದ ಮೇಲೆ ಅವರ ಹೆಸರು ಹೇಳಿ ಬಡ ಮುಸಲ್ಮಾನರನ್ನು ಹೊಡೆದವರನ್ನೂ ಮಾಸ್ತರು ಒಟ್ಟಿಗೆ ಬೆಂಚಿನ ಮೇಲೆ ನಿಲ್ಲಿಸಿದ್ದರು: ಇಬ್ಬರೂ ಒಂದೇ ಶಾಲೆಯ ಮಕ್ಕಳು, ಶಾಲೆ ಇದ್ದದ್ದು ಮಾತ್ರ ಸಮುದ್ರದ ಆಚೆ. ನಾಲ್ಕನೆಯದರಲ್ಲಿ ಇನ್ನೂ ಕಟುವಾಗಿ, ಈ ಹೊಸ ದೇವರ ಪೂಜಾರಿಯ ಮೊದಲ ಕಸಬೇ ಇನ್ನೊಬ್ಬರ ಪರವಾಗಿ ಮಾತಾಡುವುದು, ಸತ್ತವರ ಪರವಾಗಿ, ಹುಟ್ಟದವರ ಪರವಾಗಿ, ಬಾಯಿದ್ದೂ ಯಾರೂ ಕೇಳದವರ ಪರವಾಗಿ, ಅಂದಿದ್ದರು. ಹಣಮಂತ್ರಾಯ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದ.

ಏಳನೆಯದನ್ನು ತೆರೆದಾಗ ಮಾತ್ರ ಉಮೇದು ಇಳಿಯಿತು. ಅದು ಹೀಗೆ ಸುರುವಾಗುತ್ತಿತ್ತು: ಎಂಬತ್ತೊಂದರ ಜನಗಣತಿಗೆ ನಮ್ಮ ಮನೆಗೆ ಬಂದವನು ನನ್ನ ಶಿಷ್ಯ. ನನ್ನ ಹೊರಸಿನ ಮೇಲೆ ಕೂತು, ನನ್ನ ತಾಯಿ ಕೊಟ್ಟ ಚಹಾ ಕುಡಿದು, ಮಾತೃಭಾಷೆಯ ಕಾಲಂನಲ್ಲಿ ಯಾರನ್ನೂ ಕೇಳದೆ ಉರ್ದು ಎಂದು ಬರೆದ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಸಗರದಲ್ಲಿ ಆ ವರ್ಷ ಗಣತಿ ಮಾಡಿದ್ದು ಯಾವ ಮಾಸ್ತರ ಎಂಬುದು ಊರಿನ ಎಮ್ಮೆಗಳಿಗೂ ಗೊತ್ತು. ಎರಡು ಪುಟ ಓದಿ ಹಣಮಂತ್ರಾಯ ಮುಂದಿನ ಪುಟ ತಿರುವದೆ ನೋಟುಬುಕ್ಕು ಮುಚ್ಚಿಬಿಟ್ಟಿದ್ದ. ಮರುದಿನ ಎಂಟನೆಯದನ್ನು ತೆಗೆದುಕೊಂಡಿದ್ದ.

ಅವತ್ತು ಫೆಬ್ರವರಿ ಬಿಸಿಲು. ನೂರಾ ನಲವತ್ತು ಮನೆ, ಹನ್ನೆರಡು ದಿನ. ಗಣತಿ ಮಾಡಿದವರಿಗಷ್ಟೇ ಗೊತ್ತು ಆ ದಣಿವು: ಹತ್ತು ಮನೆ ದಾಟಿದ ಮೇಲೆ ಕಣ್ಣು ಬಾಗಿಲಿಗೆ ಹೋಗುವ ಮೊದಲೇ ಕೈ ಕಾಲಂಗೆ ಹೋಗಿರುತ್ತದೆ. ಮಾಸ್ತರು ಒಳಗೆ ನಮಾಜಿಗೆ ನಿಂತಿದ್ದರು. ಹೊಸ್ತಿಲ ಬಳಿ ಅವರ ತಾಯಿ ಹುಸೇನಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ, ಕಕ್ಕೇರಾದ ಮರಿಲಿಂಗಪ್ಪನ ಮಗ ಅಲ್ಲೇನೋ ನೀನು, ನಿಮ್ಮವ್ವ ಹ್ಯಾಗಿದ್ದಾಳೆ, ಅವಳ ಕೈಯ ಪುಂಡಿಪಲ್ಲೆ ಉಂಡಿದ್ದೇನೆ, ಎಂದು ಮಾತಾಡಿಸುತ್ತಲೇ ಇದ್ದಳು. ಕನ್ನಡದಲ್ಲಿ. ಆ ಮುದುಕಿಗೆ ಬರುತ್ತಿದ್ದದ್ದು ಅದೊಂದೇ ಭಾಷೆ. ನಮಾಜಿನ ಅರಬ್ಬಿ ಬಿಟ್ಟರೆ ಬಯ್ಗುಳ, ಬೀಸುವ ಪದ, ಮೊಮ್ಮಕ್ಕಳ ಜೋಗುಳ ಎಲ್ಲವೂ ಕನ್ನಡ. ಅವಳ ಮಾತಿಗೆ ಕನ್ನಡದಲ್ಲೇ ಹೂಂಗುಟ್ಟುತ್ತ, ಅವಳ ಹೆಸರಿನ ಮುಂದೆ ಹಣಮಂತ್ರಾಯ ಉರ್ದು ಎಂದು ಬರೆದ. ಕೆಳಗಿನ ಐವರಿಗೆ ಮೇಲಿನಂತೆ ಎಂಬ ಗುರುತು ಎಳೆದ. ಮಾಸ್ತರು ಹೊರಗೆ ಬಂದು ಅವನ ಹೆಗಲ ಮೇಲಿಂದ ಹಾಳೆ ನೋಡಿದರು. ಕೆಲಸ ಆಯಿತೇನು ಎಂದು ಕೇಳಿದರು. ಇನ್ನೊಂದು ಅರ್ಧ ಕಪ್ಪು ಚಹಾ ತರಿಸಿದರು. ಏನೂ ಹೇಳಲಿಲ್ಲ. ಅವರು ನೋಡಲಿಲ್ಲ ಎಂದು ಅವನು ಏಳು ವರ್ಷ ನಂಬಿಕೊಂಡಿದ್ದ. ಮುದುಕಿ ಮರುವರ್ಷ ತೀರಿಹೋದಳು.

ಯಾಕೆ ಬರೆದೆ ಎಂದು ಈ ಆರು ತಿಂಗಳು ಅವನು ತನ್ನನ್ನು ಕೇಳಿಕೊಂಡಷ್ಟು ಇನ್ನೇನನ್ನೂ ಕೇಳಿಕೊಂಡಿರಲಿಲ್ಲ. ದಣಿವು ಅಂದುಕೊಂಡ. ಎಲ್ಲರೂ ಹಾಗೇ ಬರೆಯುತ್ತಿದ್ದರು ಅಂದುಕೊಂಡ. ಎರಡೂ ನಿಜವೇ, ಎರಡೂ ಸಾಲದು. ರಾಜ್ಯ ಒಂದಾದ ಹೊಸದರಲ್ಲಿ ಒಬ್ಬ ಇನ್ಸ್‌ಪೆಕ್ಟರು ಇವನ ತರಗತಿಗೆ ಬಂದು, ಬೋರ್ಡಿನ ಮೇಲಿನ ಬರಹ ನೋಡಿ, ಇದೇನ್ರಿ ಮಾಸ್ತರೆ, ಕನ್ನಡವನ್ನು ಮಸೀದಿಯಲ್ಲಿ ಕಲಿತಿರೇನು ಎಂದು ಮಕ್ಕಳ ಮುಂದೆ ನಕ್ಕಿದ್ದರು. ಮಕ್ಕಳೂ ನಕ್ಕವು. ಇವನೂ ನಕ್ಕ, ಅದೇ ಈಗಲೂ ಉರಿಯುವುದು. ಅಂದಿನಿಂದ ಅವನು ತನ್ನೊಳಗಿನ ಉರ್ದುವನ್ನು ಒಬ್ಬೊಬ್ಬರಾಗಿ ನೆಂಟರನ್ನು ಕಳಿಸುವ ಹಾಗೆ ಹೊರಗೆ ಕಳಿಸಿದ. ಕನ್ನಡ ನನ್ನದು, ಉರ್ದು ಅವರದು, ಎಂದು ಎಲ್ಲಿಯಾದರೂ ಸರಿ ಸ್ಪಷ್ಟವಾಗಿ ಬರೆದು ತೋರಿಸುವ ಹಸಿವು ಅವನಿಗಿತ್ತು. ಆ ಹಸಿವಿಗೆ ಮುದುಕಿಯ ಕಾಲಂ ಸಿಕ್ಕಿತ್ತು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟಾಗ ಹಣಮಂತ್ರಾಯ ಈಗಲೂ ಮನಸ್ಸಿನಲ್ಲಿ ತೀನ್, ಚಾರ್ ಎಂದೇ ಎಣಿಸಿದ. ಯಾರೋ ಕೇಳಿಸಿಕೊಂಡರೇನೋ ಎಂದು ಪಕ್ಕದವನ ಕಡೆ ನೋಡಿದ. ಪಕ್ಕದವನು ಬಾಯಿ ತೆರೆದು ನಿದ್ದೆ ಹೋಗಿದ್ದ.

ಶಹಾಪುರದಲ್ಲಿ ಇಳಿದು ಟೆಂಪೋ ಹಿಡಿದು ಸಗರ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ತಿದ್ದಿಕೊಂಡಿದ್ದ: ಪ್ರೆಸ್ಸಿನವನು ಹಾಳೆ ಕಡಿಮೆ ಮಾಡಿ ಅಂದಿದ್ದಾನೆ, ಏಳನೆಯದು ಸ್ವಂತದ ಕಥೆ, ಬಿಟ್ಟರೆ ವಾದಕ್ಕೆ ಊನವಿಲ್ಲ, ಮೇಲಾಗಿ ಕಾಲ ಸರಿಯಿಲ್ಲ, ನಿಮಗೇ ತೊಂದರೆ. ಎಷ್ಟು ತಿದ್ದಿದರೂ ಅದು ಚಂದವಾದ ಸುಳ್ಳಾಗುತ್ತ ಹೋಯಿತೇ ಹೊರತು ನಿಜದ ಹತ್ತಿರ ಬರಲಿಲ್ಲ.

ಮಾಸ್ತರು ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಆತು ಕೂತಿದ್ದರು. ಬಿಳಿ ಕವಿದ ಕಣ್ಣು ಬಾಗಿಲ ಬೆಳಕಿನ ಕಡೆ ಇತ್ತು. ಇವನ ಹೆಜ್ಜೆ ಕೇಳಿಯೇ ಹೆಸರು ಹಿಡಿದು ಕರೆದರು. ಆ ದನಿಯಲ್ಲಿ ಏನೋ ಅಂಜಿಕೆಯಿದೆ ಅನ್ನಿಸಿತು ಹಣಮಂತ್ರಾಯನಿಗೆ. ಮಾಸ್ತರು ಅಂಜುವುದನ್ನು ಅವನು ಕಂಡವನಲ್ಲ, ಆದ್ದರಿಂದ ಅದು ತನ್ನದೇ ಅಂಜಿಕೆ ಇರಬೇಕೆಂದು ಬಿಟ್ಟುಬಿಟ್ಟ. ಖಾಸಿಂಬಿ ನೀರು ತಂದಿಟ್ಟು, ಆರು ತಿಂಗಳಾಯಿತು, ಈ ಕಡೆ ಮುಖವನ್ನೇ ಹಾಕಲಿಲ್ಲವಲ್ಲ ಎಂದು ಆಕ್ಷೇಪಿಸಿ, ಅಪ್ಪ ದಿನಾ ನಿಮ್ಮನ್ನೇ ಕೇಳುತ್ತಿದ್ದರು ಎಂದು ಹೇಳಿ ಗೋಡೆ ಬದಿಗೆ ಕೂತಳು.

ಓದಲು ಸುರುಮಾಡಿದ. ಓದುತ್ತ ಓದುತ್ತ ತನ್ನ ಕನ್ನಡ ಅವನಿಗೇ ದೂರದ್ದಾಗಿ ಕೇಳಿಸಿತು, ತೊಳೆದು ಇಸ್ತ್ರಿ ಮಾಡಿದ ಕನ್ನಡ, ಎಲ್ಲೂ ಮಸೀದಿಯ ವಾಸನೆ ಬರಬಾರದೆಂದು ಎಚ್ಚರದಿಂದ ಬರೆದದ್ದು. ಮಾಸ್ತರು ನಡುನಡುವೆ ತಲೆದೂಗಿದರು, ಒಂದೆರಡು ಕಡೆ ನಕ್ಕರು, ರಜಾಕಾರರ ಭಾಗದಲ್ಲಿ ನಾನು ಇನ್ನೂ ಕಠಿಣವಾಗಿ ಬಯ್ದಿದ್ದೆ, ನೀನು ಸಕ್ಕರೆ ಹಾಕಿದ್ದೀಯ ಎಂದರು. ಚಹಾ ಎರಡು ಸಲ ಬಂತು. ಆರನೆಯದು ಮುಗಿಯಿತು. ಹಣಮಂತ್ರಾಯ ದನಿಯನ್ನು ಸ್ವಲ್ಪವೂ ಬದಲಿಸದೆ ಎಂಟನೆಯದನ್ನು ಸುರುಮಾಡಿದ. ಮಾಸ್ತರ ತಲೆ ತೂಗುವುದು ನಿಂತಿತು. ಅಷ್ಟೇ. ಅವರು ತಡೆಯಲಿಲ್ಲ. ಇಪ್ಪತ್ತು ಪುಟವನ್ನು ಹಣಮಂತ್ರಾಯ ನಿಂತ ತಲೆಯ ಮುಂದೆ ಓದಿದ, ಒಂದು ಸಾಲೂ ಅವನಿಗೇ ಅರ್ಥವಾಗಲಿಲ್ಲ. ಮುಗಿದ ಮೇಲೆ ಹಾಳೆಗಳನ್ನು ಕುಟ್ಟಿ ಸಮ ಮಾಡಿದ. ಸಮವಾಗಿಯೇ ಇದ್ದವು.

"ಏಳನೇದು ಎಲ್ಲಿ ಅದ?" ಅಂದರು ಮಾಸ್ತರು.

ತಿದ್ದಿದ ಸುಳ್ಳನ್ನು ಹಣಮಂತ್ರಾಯ ಪೂರ್ತಿ ಹೇಳಿದ. ಪ್ರೆಸ್ಸು, ಹಾಳೆ, ಕಾಲ. ಹೇಳುವಾಗ ಖಾಸಿಂಬಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ಮಾಸ್ತರು ಕೇಳಿ, ಮೀಸೆ ಸವರಿಕೊಂಡು, ಬಹಳ ಸಣ್ಣ ದನಿಯಲ್ಲಿ ಮಾತಾಡಿದರು.

"ಪ್ರೆಸ್ಸಿನಾಂವದು ಬಿಡು. ನಿನಗ ಸಿಟ್ಟು ಬಂದದ, ಹಣಮಂತು. ಬರಬೇಕಾದ್ದ ಅದು. ನಿಮ್ಮಪ್ಪನ ವಿಷಯ ಅಲ್ಲೇನು. ಆರು ತಿಂಗಳು ನೀ ಈ ಕಡೆ ಬರಲಿಲ್ಲ ಅಂದಾಗ ನನಗ ತಿಳೀತು. ಆದ್ರ ಒಂದು ಮಾತು ಬಾಯಿಲೆ ಬೈದು ಹೋಗಬೇಕಿತ್ತು ನೀನು. ಬಿಟ್ಟು ಬಿಡೂದು ಬೈಯೂದಕ್ಕಿಂತ ದೊಡ್ಡ ಶಿಕ್ಷಾ."

ಅಪ್ಪನ ವಿಷಯ. ಹಣಮಂತ್ರಾಯನಿಗೆ ಏನೂ ಹೊಳೆಯಲಿಲ್ಲ. ತಪ್ಪು ಮಾಡಿದವನು ತಾನು, ಸಿಟ್ಟಾಗಬೇಕಾದವರು ಅವರು. ಅವರು ತನ್ನ ಮುಂದೆ ಕೈಕಟ್ಟಿಕೊಂಡು ಕೂತ ಹಾಗೆ ಕೂತಿದ್ದಾರೆ. ಅವನ ಅಪ್ಪ ಮರಿಲಿಂಗಪ್ಪ ಸತ್ತು ಇಪ್ಪತ್ತು ವರ್ಷವಾಗಿತ್ತು. ಹೌದು ಅಂದುಬಿಟ್ಟರೆ ಮುಗಿಯುತ್ತದೆ, ಸಿಟ್ಟು ಬಂದಿತ್ತು ಅಂದುಬಿಟ್ಟರೆ ಈ ಮನುಷ್ಯ ತಾನೇ ತಲೆ ತಗ್ಗಿಸುತ್ತಾನೆ, ನಾಳೆ ಕಟ್ಟು ಪ್ರೆಸ್ಸಿಗೆ ಹೋಗುತ್ತದೆ ಎಂಬ ಹೀನ ಯೋಚನೆಯೊಂದು ಅವನ ತಲೆಯಲ್ಲಿ ಹಾದುಹೋಯಿತು. ಹಾದುಹೋಗಲಿಲ್ಲ, ಸ್ವಲ್ಪ ಹೊತ್ತು ಕೂತಿತ್ತು. ಆಮೇಲೆ ಚೀಲಕ್ಕೆ ಕೈ ಹಾಕಿ ಏಳನೆಯ ನೋಟುಬುಕ್ಕನ್ನು ತೆಗೆದ. ಈಗಲೇ ಓದುತ್ತೇನೆ, ನೋಡಿಕೊಂಡು ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ ಎಂದ. ಮಾಸ್ತರು ಬೇಡವೆನ್ನಲಿಲ್ಲ.

ಮೊದಲ ಎರಡು ಪುಟ ತನ್ನದೇ ಚಾರ್ಜ್‌ಶೀಟನ್ನು ಓದಿಕೊಂಡ ಹಾಗಿತ್ತು. ಶಿಷ್ಯ, ಹೊರಸು, ಚಹಾ, ಕಾಲಂ. ಖಾಸಿಂಬಿ ಕೈಯಲ್ಲಿದ್ದ ಸೊಪ್ಪನ್ನು ಬಿಡಿಸುವುದು ನಿಲ್ಲಿಸಿದ್ದು ಓರೆಗಣ್ಣಿಗೆ ಕಂಡಿತು. ಅವಳೂ ಆ ಹಾಳೆಯ ಆರು ಜನರಲ್ಲಿ ಒಬ್ಬಳು. ಅವನು ಪುಟ ತಿರುವಿದ. ಆರು ತಿಂಗಳ ಹಿಂದೆ ತಿರುವದೆ ಬಿಟ್ಟ ಪುಟ ಅದು.

ಆ ದಿನ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಎಂದಿತ್ತು ಅಲ್ಲಿ. ಯಾಕೆಂದರೆ ಆ ಕೈ ನನ್ನದು, ನಾನೇ ತಿದ್ದಿಸಿದ್ದು. ನಲವತ್ತೊಂದರ ಗಣತಿಗೆ ಕಕ್ಕೇರಾದಲ್ಲಿ ಮನೆಮನೆಗೆ ಹೋದವನು ನಾನು, ಚಂದಾಹುಸೇನ್, ಆಗ ಇಪ್ಪತ್ತೈದರ ಹುಡುಗಾಟಿಕೆ. ಮರಿಲಿಂಗಪ್ಪ ಎಂಬ ಒಕ್ಕಲಿಗ ನನಗೆ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟ. ನಿಮ್ಮ ಮನೆಯ ಭಾಷೆ ಯಾವುದು ಎಂದು ನಾನು ಕೇಳಲಿಲ್ಲ. ಅವನ ಮಗ ನನ್ನ ಹತ್ತಿರ ಉರ್ದು ಓದುತ್ತಿದ್ದ, ಅಷ್ಟು ಸಾಕಾಗಿತ್ತು ನನಗೆ. ನಾನು ಬರೆಯುವುದನ್ನು ನೋಡಿ ಅವನೇ, ಸಾಹೇಬರೆ, ನಮ್ಮ ಮನೆಯಲ್ಲಿ ಕನ್ನಡ ಬಿಟ್ಟರೆ ನಾಯಿಗೂ ಬೇರೆ ಮಾತು ತಿಳಿಯುವುದಿಲ್ಲ ಅಂದ. ಕೇಳಿಸಿಕೊಂಡೆ. ಕೇಳಿಸಿಕೊಂಡೂ ಉರ್ದು ಎಂದು ಬರೆದೆ. ಹಾಗೆ ಬರೆ ಎಂದು ನನಗೆ ಯಾರೂ ಹುಕುಂ ಕೊಟ್ಟಿರಲಿಲ್ಲ. ನಮ್ಮ ಭಾಷೆಯ ಜನ ಒಬ್ಬರು ಹೆಚ್ಚಾದರು ಎಂದು ನನಗೆ ಖುಷಿಯಾಯಿತು, ಅಷ್ಟೇ. ಯುರೋಪಿನ ರೋಗ ಎಂದು ಆರು ನೋಟುಬುಕ್ಕು ಬರೆದವನು ನಾನು. ಅದು ಹಡಗಿನಲ್ಲಿ ಬಂತು ನಿಜ. ಆದರೆ ಇಳಿದದ್ದು ನನ್ನ ಕೈಯಲ್ಲಿ. ಮರಿಲಿಂಗಪ್ಪ ಬದುಕಿರುವಾಗ ಹೋಗಿ ಮಾಫಿ ಕೇಳಬೇಕೆಂದು ಎಷ್ಟೋ ಸಲ ಕಕ್ಕೇರಾದ ಬಸ್ಸು ಹತ್ತಿ ಇಳಿದಿದ್ದೇನೆ. ಕೇಳಲಿಲ್ಲ. ಈಗ ಇಲ್ಲಿ ಕೇಳುತ್ತಿದ್ದೇನೆ. ಇದನ್ನು ಅವನ ಮಗನೇ ಕನ್ನಡದಲ್ಲಿ ಬರೆಯಲಿ ಎಂಬುದು ನನ್ನ ಆಸೆ.

ನೋಟುಬುಕ್ಕು ಅಲ್ಲಿಗೆ ಮುಗಿದಿತ್ತು. ಇನ್ನೂ ಖಾಲಿ ಪುಟಗಳಿದ್ದವು. ಹಣಮಂತ್ರಾಯನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು, ಅದರ ಜೊತೆಗೆ ತನ್ನ ಪಾಲಿನ ಅವಮಾನವನ್ನು ಯಾರೋ ಅರ್ಧ ಎತ್ತಿಕೊಂಡರಲ್ಲ ಎಂಬ ಒಂದು ದರಿದ್ರ ಸಮಾಧಾನವೂ ಆಯಿತು. ಅದರ ಮೇಲೆ ಅವನಿಗೆ ಹೇಸಿಗೆ ಬಂತು.

"ನಾ ಇದನ್ನ ಓದಿರಲೇ ಇಲ್ಲರಿ ಮಾಸ್ತರ," ಅಂದ. "ಎರಡ ಪುಟ ಓದಿ, ನನ್ನ ಬಗ್ಗೆ ಅದ ಅಂತ ಮುಚ್ಚಿಟ್ಟೀನಿ. ನೀವು ನನ್ನ ಮಾನ ತೆಗೀತೀರಿ ಅಂತ ಹೆದರಿ ಬರಲಿಲ್ಲ. ಸಿಟ್ಟು ಪಟ್ಟು ಏನೂ ಇಲ್ಲ."

ಮಾಸ್ತರು ಮುಖ ಅವನ ಕಡೆ ತಿರುಗಿಸಿದರು. ನಗುತ್ತಾರೇನೋ ಅಂದುಕೊಂಡ. ನಗಲಿಲ್ಲ. ಆರು ತಿಂಗಳು ತಾವೂ ಸುಮ್ಮನೆ ಹೆದರಿದೆವೆಂದರು, ಇಬ್ಬರು ಮುದುಕರು ಎರಡು ಊರಲ್ಲಿ ಕೂತು ಒಬ್ಬರಿಗೊಬ್ಬರು ಹೆದರಿದ್ದಾಯಿತು ಅಂದರು. ಆ ಮಾತಿನಲ್ಲಿ ಬೇಸರವೊಂದೇ ಇತ್ತು. ಹಣಮಂತ್ರಾಯನಿಗೆ ಏನಾದರೂ ಕೊಡಬೇಕು ಅನ್ನಿಸಿತು. ಅಪ್ಪ ಅದನ್ನು ಎಂದೋ ಮರೆತಿದ್ದ, ಅಪ್ಪನ ಪರವಾಗಿ ತಾನು ಮಾಫಿ ಕೊಡುತ್ತೇನೆ, ಎಂದು ಸುರುಮಾಡಿದ.

"ಬ್ಯಾಡ," ಅಂದರು ಮಾಸ್ತರು. "ಅಪ್ಪನ ಪರವಾಗಿ ನೀ ಮಾತಾಡಬ್ಯಾಡ. ಅವ್ವನ ಪರವಾಗಿ ನಾ ಮಾತಾಡಂಗಿಲ್ಲ. ಅವರನ್ನ ಕೇಳೂ ಹೊತ್ತಿನಾಗ ನಾವಿಬ್ರೂ ಕೇಳಲಿಲ್ಲ. ನಾ ಮಾಫಿ ಕೇಳೀನಿ ಅನ್ನೂದಷ್ಟ ಬರಿ, ಸಿಕ್ಕದ ಅಂತ ಬರೀಬ್ಯಾಡ."

ಹಣಮಂತ್ರಾಯ ಕೈಯಲ್ಲಿದ್ದ ನೋಟುಬುಕ್ಕನ್ನು ಕೆಳಗಿಟ್ಟ. ನಾಲ್ಕನೆಯ ಅಧ್ಯಾಯದಲ್ಲಿ ತಾನೇ ಗೆರೆ ಎಳೆದ ಸಾಲು ಅದು, ಕನ್ನಡಿಸಿದವನೂ ತಾನೇ. ಎಷ್ಟು ಸುಲಭವಾಗಿ ಸತ್ತವನ ಬಾಯನ್ನು ತಾನು ತೊಟ್ಟುಕೊಳ್ಳಲು ಹೊರಟಿದ್ದೆ ಎಂದು ಅವನಿಗೆ ಗಾಬರಿಯಾಯಿತು. ಹುಸೇನಮ್ಮ ಈಗ ಯಾವ ಕಾಲಂನಲ್ಲಿ ಏನಾಗಿ ಉಳಿದಿದ್ದಾಳೋ, ಯಾವ ಆಫೀಸಿನ ಯಾವ ಮೊತ್ತದಲ್ಲಿ ಕೂಡಿಹೋಗಿದ್ದಾಳೋ. ಅದನ್ನು ಇನ್ನು ಯಾರೂ ತೆಗೆಯಲಾರರು. ಅವಳ ಕನ್ನಡ ಕೇಳಿಸಿಕೊಂಡ ಕಿವಿಗಳಲ್ಲಿ ಮೂರು ಜೋಡಿ ಈ ಪಡಸಾಲೆಯಲ್ಲಿದ್ದವು, ಅದರಲ್ಲೊಂದು ತನ್ನದು.

ಅವನು ಖಾಸಿಂಬಿಯಿಂದ ಒಂದು ಹಲಗೆ ಕೇಳಿ ಇಸಿದುಕೊಂಡು ತೊಡೆಯ ಮೇಲಿಟ್ಟು ಬಿಳಿ ಹಾಳೆ ಹಾಸಿದ. ಬಸ್ಸು ಹೋಗುತ್ತದೆ ಎಂದು ಅವಳು ನೆನಪಿಸಿದಳು. ಹೋಗಲಿ ಅಂದ. ಉರ್ದು ನೋಟುಬುಕ್ಕನ್ನು ಎಡಗಡೆ ಬಿಚ್ಚಿಟ್ಟು ಬರೆಯತೊಡಗಿದ. ಇಸ್ತ್ರಿ ಮಾಡಿದ ಕನ್ನಡಕ್ಕೆ ಹುಡುಕಾಡಲಿಲ್ಲ. ಹುಸೇನಮ್ಮ ಮಾತಾಡಿದರೆ ಹ್ಯಾಗಿರುತ್ತಿತ್ತೋ ಹಾಗೆ ಬಂದದ್ದನ್ನು ಬಂದ ಹಾಗೆ ಬರೆದ. ಒಂದು ಪ್ಯಾರಾ ಆದ ಮೇಲೆ ಮಾಸ್ತರು ಓದು ಅಂದರು.

ಓದಿದ. ಎಂಬತ್ತೊಂದರ ಜನಗಣತಿಗೆ ನಮ್ಮ ಮನೆಗೆ ಬಂದವನು ನನ್ನ ಶಿಷ್ಯ, ಕಕ್ಕೇರಾದ ಮರಿಲಿಂಗಪ್ಪನ ಮಗ ಹಣಮಂತ್ರಾಯ.

"ಹೆಸರು ನಾ ಬರದಿಲ್ಲ," ಅಂದರು ಮಾಸ್ತರು.

"ಹೌದ್ರಿ. ಅದನ್ನ ನಾ ಬರದೀನಿ."

ಮಾಸ್ತರು ಆ ಸಾಲನ್ನು ಇನ್ನೊಮ್ಮೆ ಓದಲು ಹೇಳಿದರು. ಹಣಮಂತ್ರಾಯ ಓದಿದ.